ಕುಡಿಯದೆ ಇಟ್ಟ ಬಟ್ಟಲು

ನಲವತ್ತೊಂಬತ್ತರ ವಯಸ್ಸಿನಲ್ಲಿ ಹೆಣ್ಣು ಕೇಳಲು ಹೊರಟವನು ಕಾಲಿಗಾದರೂ ಹೊಸದನ್ನು ಹಾಕಿಕೊಳ್ಳಬೇಕು ಎಂದು ಫರಜನಿಗೆ ಅನಿಸಿತ್ತು. ಅಕಬಾ ಪಟ್ಟಣದ ಅಂಗಡಿಯಿಂದ ತಂದ ಚಪ್ಪಲಿ, ಕಮರಿಯ ಬಾಯಿ ದಾಟಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ಎಡ ಹಿಮ್ಮಡಿಯನ್ನು ಸುಲಿದು ಹಾಕಿತು. ಅವನು ಕುಂಟಲಿಲ್ಲ. ಕುಂಟಿದರೆ ಮುತ್ಲಕ ಕಾಲು ನೋಡುತ್ತಾನೆ, ಕಾಲು ನೋಡಿದರೆ ಚಪ್ಪಲಿ ನೋಡುತ್ತಾನೆ, ಚಪ್ಪಲಿ ನೋಡಿದರೆ ಕಾರಣ ಕೇಳುತ್ತಾನೆ. ಕೇಳಬೇಕಾಗಿದ್ದದ್ದು ಮುತ್ಲಕನ ತಂಗಿಯನ್ನೇ. ಆದ್ದರಿಂದ ಫರಜ ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದ.

ಪ್ರತಿ ವರ್ಷ ರತಮ್ ಪೊದೆಗಳು ಬೆಳ್ಳಗೆ ಹೂ ಬಿಡುವ ಹೊತ್ತಿಗೆ ಫರಜ, ಮುತ್ಲಕ, ದೈಫಲ್ಲಾ ಈ ಮೂವರು ಗೆಳೆಯರು ಕಮರಿಯ ಈ ಬಾಯಿಯಿಂದ ಆ ಬಾಯಿಗೆ ನಡೆಯುತ್ತಿದ್ದರು. ಚಿಕ್ಕಂದಿನಲ್ಲಿ ಮೇಕೆಗಳ ಹಿಂದೆ ಹೋಗುತ್ತಿದ್ದರು. ಮೇಕೆಗಳು ಹೋದವು, ನಡೆಯುವುದು ಉಳಿಯಿತು. ಫರಜ ಈಗ ಪ್ರವಾಸಿಗರನ್ನು ಜೀಪಿನಲ್ಲಿ ಸುತ್ತಿಸುತ್ತಾನೆ. ದೈಫಲ್ಲಾ ಮರುಭೂಮಿ ಪೊಲೀಸಿನಿಂದ ನಿವೃತ್ತನಾಗಿ ಈಗ ಎಲ್ಲದರ ಬಗ್ಗೆ ಅಭಿಪ್ರಾಯ ಹೇಳುತ್ತಾನೆ. ಮುತ್ಲಕನ ಹತ್ತಿರ ಒಂದು ಒಂಟೆ ಇದೆ. ಅದೊಂದು ಕಸುಬಲ್ಲ ನಿಜ, ಆದರೆ ಏನು ಮಾಡುತ್ತೀ ಎಂದು ಕೇಳಿದವರಿಗೆಲ್ಲ ಅವನು ಕೊಡುವ ಉತ್ತರ ಅದೊಂದೇ. ಸಮ್ಹಾ ಅದರ ಹೆಸರು. ಕೆಂಪು ಮೈ, ಉದ್ದ ರೆಪ್ಪೆ, ದೊಡ್ಡ ಕುಲ. ಸೌದಿಯವನೊಬ್ಬ ಬಂದು ಅದರ ಬದಲಿಗೆ ಹೊಸ ಪಿಕಪ್ ಗಾಡಿ ಕೊಡುತ್ತೇನೆ ಅಂದಾಗ ಮುತ್ಲಕ ಅವನಿಗೆ ಊಟ ಹಾಕಿ ಕಳಿಸಿದ್ದ.

ಮುತ್ಲಕನ ತಂಗಿ ಹಮ್ದಾಳಿಗೆ ನಲವತ್ಮೂರು. ಮದುವೆಯಾಗದ ಅಣ್ಣನ ಮನೆಯನ್ನು ಇಪ್ಪತ್ತೆರಡು ವರ್ಷದಿಂದ ನಡೆಸುವವಳು ಅವಳೇ. ನಮ್ಮ ಕಡೆಯ ರೂಢಿಯಂತೆ ದೊಡ್ಡಪ್ಪನ ಮಗನಿಗೆ ಅವಳನ್ನು ಮದುವೆಯಾಗುವ ಮೊದಲ ಹಕ್ಕಿತ್ತು. ಅವನು ಹನ್ನೊಂದು ವರ್ಷ 'ಬರುವ ವರ್ಷ, ಬರುವ ವರ್ಷ' ಎಂದು ಹೇಳಿ, ಕೊನೆಗೆ ತಬೂಕಿನಲ್ಲಿ ಯಾರನ್ನೋ ಕಟ್ಟಿಕೊಂಡ. ಅಷ್ಟು ಹೊತ್ತಿಗೆ ಬೇರೆಯವರು ಕೇಳುವುದನ್ನೇ ಬಿಟ್ಟಿದ್ದರು. ತನ್ನ ಹೆಂಡತಿ ಸತ್ತ ನಾಲ್ಕು ವರ್ಷಕ್ಕೆ ಫರಜ ಸಂಜೆ ಹೊತ್ತು ಮುತ್ಲಕನ ಹಟ್ಟಿಗೆ ಹೋಗಿ ನಿಲ್ಲತೊಡಗಿದ. ಆಗ ಹಮ್ದಾ ಹಾಲು ಕರೆಯುತ್ತಿರುತ್ತಾಳೆ. ಒಂಟೆಯ ಆ ಕಡೆಯಿಂದ ಅವಳು, ಈ ಕಡೆಯಿಂದ ಇವನು, ಎರಡು ವರ್ಷ ಮಾತಾಡಿದರು. ಫರಜನಿಗೆ ಈಗ ಅವಳಿಲ್ಲದೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

"ನಲವತ್ತು ಜನ ಹಿರಿಯರನ್ನ ಕಟ್ಕೊಂಡು ಮನೆಗೆ ಬರಬೇಡ," ಎಂದಿದ್ದಳು ಹಮ್ದಾ. "ಅಣ್ಣ ಎರಡು ಕುರಿ ಕೊಯ್ದು ಎಲ್ಲರಿಗೂ ಉಣ್ಣಿಸಿ, ಯೋಚನೆ ಮಾಡ್ತೀನಿ ಅಂತ ಕಳಿಸ್ತಾನೆ. ಬೆಟ್ಟದಲ್ಲಿ ಕೇಳು. ನಡೆಯೋವಾಗ ಅವನ ತಲೆ ಓಡಲ್ಲ. ಆದ್ರೆ ಒಂದೇ ಸಲ ಕೇಳು ಫರಜ್. ಅವನು ಇಲ್ಲ ಅಂದ್ರೆ ಮುಗೀತು. ಅವನ ಮಾತು ಮೀರಿ ನಾನು ಬರೋಳಲ್ಲ."

ಹಾಗಾಗಿ ದೈಫಲ್ಲಾನನ್ನು ಸಾಕ್ಷಿ ಮಾಡಿಕೊಂಡು ಫರಜ ಇವತ್ತು ಹೊರಟಿದ್ದ. ದೈಫಲ್ಲಾ ಗುಟ್ಟು ಕಾಪಾಡುತ್ತಾನೆ, ಆದರೆ ಗುಟ್ಟು ಇದೆ ಎಂಬುದನ್ನು ಮಾತ್ರ ಕಾಪಾಡಲಾರ.

ಕಮರಿ ಒಳಗೆ ಹೋಗುತ್ತಾ ಇಕ್ಕಟ್ಟಾಯಿತು. ಎರಡೂ ಕಡೆ ಕೆಂಪು ಗೋಡೆ, ಗೋಡೆಯ ಮೇಲೆ ಹಳೆಯ ಜನ ಕುಟ್ಟಿ ಕುಟ್ಟಿ ಕೊರೆದ ಚಿತ್ರ: ಸಾಲು ಒಂಟೆಗಳು, ಕೊಂಬಿನ ಕಾಡುಮೇಕೆ, ಜೋಡಿ ಪಾದ, ಈಗ ಯಾರಿಗೂ ಓದಲು ಬಾರದ ನಾಲ್ಕು ಸಾಲು ಬರಹ. ಒಬ್ಬ ಬೇಟೆಗಾರ ಬಿಲ್ಲು ಎಳೆದು ನಿಂತಿದ್ದ. ದೈಫಲ್ಲಾ ಅವನ ಮುಂದೆ ನಿಂತ.

"ಪಾಪ. ಎಷ್ಟು ಸಾವಿರ ವರ್ಷದಿಂದ ಎಳ್ಕೊಂಡೇ ನಿಂತಿದಾನೆ ನೋಡು. ಬಿಡೋಕೆ ಧೈರ್ಯ ಇಲ್ಲ. ಅಲ್ವೇನೋ ಫರಜ್?"

"ನಡಿ ನಡಿ," ಅಂದ ಫರಜ.

"ಏನದು?" ಮುತ್ಲಕ ತಿರುಗಿ ನೋಡಿದ.

"ಬೇಟೆ ವಿಷಯ," ಅಂದ ದೈಫಲ್ಲಾ. ಮುತ್ಲಕ ಇಬ್ಬರನ್ನೂ ಒಂದು ಸಲ ನೋಡಿ ಮುಂದೆ ನಡೆದ. ಆದರೆ ಅಲ್ಲಿಯವರೆಗೆ ಹಾಡುತ್ತಾ ಬಂದವನು ಆಮೇಲೆ ಹಾಡುವುದನ್ನು ನಿಲ್ಲಿಸಿದ.

ನೀರು ಜಿನುಗುವ ಜಾಗದಲ್ಲಿ ಒಂದು ದೊಡ್ಡ ಬಂಡೆ. ಹಳೆಯ ಒಂಟೆಗಳ ಪಕ್ಕದಲ್ಲೇ ಅದರ ಮೇಲೆ ಇನ್ನೊಂದು ಗುರುತು ಇತ್ತು: ಒಂದು ವೃತ್ತ, ಕೆಳಗೆ ಎರಡು ಗೀಟು. ಮುತ್ಲಕನ ಮನೆತನದವರು ತಮ್ಮ ಒಂಟೆಗಳ ಕೆನ್ನೆಗೆ ಹಾಕುವ ಬರೆ ಅದೇ. ನೀರು ನಮ್ಮದು ಎಂದು ಮುತ್ತಜ್ಜ ಕೊರೆದಿಟ್ಟದ್ದು. ನಲವತ್ತು ವರ್ಷದಿಂದ ಮುತ್ಲಕ ಅದನ್ನು ತೋರಿಸದ ಮನುಷ್ಯನಿಲ್ಲ. ಜರ್ಮನಿಯವರಿಗೆ ತೋರಿಸಿದ್ದಾನೆ, ತಹಶೀಲ್ದಾರರಿಗೆ ತೋರಿಸಿದ್ದಾನೆ, ಇವರಿಬ್ಬರಿಗಂತೂ ವರ್ಷಕ್ಕೊಮ್ಮೆ ತೋರಿಸುತ್ತಾನೆ. ಫರಜ ಬೇಕೆಂದೇ ಅದರ ಕೆಳಗೆ ಕೂತ. ಕೇಳುವುದಿದ್ದರೆ ಕೊಡುವವನ ಜಾಗದಲ್ಲಿ ಕೂತು ಕೇಳಬೇಕು.

ದೈಫಲ್ಲಾ ಒಣಕಡ್ಡಿ ತಂದ. ಫರಜ ತಂದಿದ್ದ ಕಾಫಿ ಬೀಜವನ್ನು ಮುತ್ಲಕ ಹುರಿದ, ಕುಟ್ಟಿದ, ಏಲಕ್ಕಿ ಹಾಕಿ ಕಾಯಿಸಿದ. ಕಾಫಿ ವಿಷಯದಲ್ಲಿ ಅವನು ಬೇರೆಯವರನ್ನು ನಂಬುವುದಿಲ್ಲ. ಮೊದಲ ಬಟ್ಟಲು ತಾನು ರುಚಿ ನೋಡಿ, ಎರಡನೆಯದನ್ನು ಫರಜನ ಕೈಗೆ ಕೊಟ್ಟ.

ಫರಜ ಅದನ್ನು ಮರಳಿನ ಮೇಲೆ ಇಟ್ಟ. ಇಟ್ಟು, ಕೈ ಮಡಚಿ ಕೂತ.

ನಮ್ಮ ಮರುಭೂಮಿಯಲ್ಲಿ ಇದಕ್ಕೆ ಒಂದೇ ಅರ್ಥ. ಅತಿಥಿ ಏನೋ ಬೇಡಲು ಬಂದಿದ್ದಾನೆ, ಸಿಗುವವರೆಗೆ ಕುಡಿಯುವುದಿಲ್ಲ. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ಮನೆಯವನು ಇನ್ನು ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಮರ್ಯಾದಸ್ಥರು ಏನು ಬೇಕು ಎಂದು ಕೇಳುವ ಮೊದಲೇ 'ಕುಡಿ, ಕೊಟ್ಟೆ' ಎಂದುಬಿಡುತ್ತಾರೆ. ಮುತ್ಲಕ ಮರ್ಯಾದಸ್ಥನೇ. ಆದರೆ ಇವತ್ತು ಅವನು ಬಟ್ಟಲನ್ನು ನೋಡಿ, ಸುಡುವ ಪಾತ್ರೆಯನ್ನು ಬರಿಗೈಯಲ್ಲೇ ಹಿಡಿದುಕೊಂಡು ಕಲ್ಲಿನ ಹಾಗೆ ಕೂತ.

"ಕಾಫಿ ಆರುತ್ತೆ," ಅಂದ ಕೊನೆಗೆ.

"ಆರಲಿ," ಅಂದ ಫರಜ.

"ಬೀಜ ನೀನು ತಂದದ್ದು. ಅಂದ್ರೆ ಇವತ್ತು ಮನೆಯವನು ನೀನು. ನಾನು ಬರೀ ಅಡುಗೆಯವನು."

"ಜಾಗ ಯಾರದಪ್ಪಾ?" ದೈಫಲ್ಲಾ ಬಂಡೆ ಕಡೆ ಗದ್ದ ಎತ್ತಿ ತೋರಿಸಿದ. "ಜಾಗ ಯಾರದೋ ಅವನೇ ಮನೆಯವನು. ಅದು ನಿಮ್ಮ ಗುರುತಲ್ವಾ?"

ಮುತ್ಲಕ ಬಂಡೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

"ಇದಾ? ಇದು ನಮ್ಮದು ಅಂತ ಹೇಳಕ್ಕಾಗಲ್ಲ."

"ಏನು?"

"ಯಾರೋ ಹಳೇ ಕಾಲದವರು ಕೆತ್ತಿರಬೇಕು. ಒಂಟೆ ಕೆತ್ತಿದವರೇ. ವೃತ್ತ ಯಾರು ಬೇಕಾದ್ರೂ ಕೆತ್ತಬಹುದು."

ದೈಫಲ್ಲಾನ ಬಾಯಿ ತೆರೆದುಕೊಂಡಿತು. ಅವನು ಮೂವತ್ತು ವರ್ಷ ಪೊಲೀಸಿನಲ್ಲಿದ್ದು ಬಗೆಬಗೆಯ ಸುಳ್ಳು ಕೇಳಿದ್ದ. ಸ್ವಂತ ಮುತ್ತಜ್ಜನನ್ನೇ ಇಲ್ಲವೆನ್ನುವುದನ್ನು ಕೇಳಿರಲಿಲ್ಲ. ಇವನಿಗೆ ಗೊತ್ತಾಗಿಬಿಟ್ಟಿದೆ, ಕೊಡುವ ಮನಸ್ಸಿಲ್ಲ, ಅದಕ್ಕೇ ಹೀಗೆ ಜಾರಿಕೊಳ್ಳುತ್ತಿದ್ದಾನೆ ಅಂದುಕೊಂಡ ಫರಜ.

"ಸರಿ ಹಾಗಾದ್ರೆ," ಎಂದು ದೈಫಲ್ಲಾ ಎದ್ದು ಬಂಡೆಯ ಹತ್ತಿರ ಹೋಗಿ ವೃತ್ತದ ಮೇಲೆ ಅಂಗೈ ಇಟ್ಟ. "ಇದು ನಮ್ಮಜ್ಜ ಕೆತ್ತಿದ್ದು."

"ಏನಂದೆ?"

"ನಮ್ಮಜ್ಜಂಗೆ ವೃತ್ತ ಅಂದ್ರೆ ಇಷ್ಟ. ನಾಳೆಯಿಂದ ಎಲ್ಲರಿಗೂ ಹಂಗೇ ಹೇಳ್ತೀನಿ. ಜರ್ಮನಿಯವರು ಬಂದ್ರೆ ನಾನೇ ತೋರಿಸ್ತೀನಿ. ನೀನೂ ಬಾ, ಪಕ್ಕದಲ್ಲಿ ನಿಂತ್ಕೊ. ಆಮೇಲೆ ಈ ನೀರು..."

"ಕೈ ತೆಗಿ."

"ಯಾಕೆ? ನಿಮ್ಮದಲ್ವಲ್ಲ."

"ದೈಫಲ್ಲಾ, ಕೈ ತೆಗಿ ಅಂದೆ! ನಿಮ್ಮಜ್ಜ ಈ ಕಮರಿಗೆ ಬಂದದ್ದು ಒಂದೇ ಸಲ, ನಮ್ಮ ಮೇಕೆ ಕದಿಯೋಕೆ! ಅದು ನಮ್ಮದು. ನಮ್ಮದೇ."

ಆಡಿದ ಮೇಲೆ ಮುತ್ಲಕನಿಗೆ ಆಡಿದ್ದೇನೆಂದು ತಿಳಿಯಿತು. ಅವನು ಬಟ್ಟಲು ನೋಡಿದ, ಬಂಡೆ ನೋಡಿದ, ಮೇಲೆ ಕಮರಿಯ ಸಂದಿಯಲ್ಲಿ ಕಾಣುವಷ್ಟು ಆಕಾಶ ನೋಡಿದ.

"ಕುಡಿ," ಅಂದ. "ನೀನು ಕೇಳೋಕೆ ಬಂದದ್ದನ್ನ ಕೊಟ್ಟೆ."

ಮುತ್ಲಕನ ಮನಸ್ಸು ಬದಲಾಗುವ ಮೊದಲೇ ಫರಜ ಒಂದೇ ಗುಟುಕಿಗೆ ಕುಡಿದ. ಕಾಫಿ ತಣ್ಣಗಾಗಿತ್ತು. ಜೀವನದಲ್ಲಿ ಇಷ್ಟು ರುಚಿಯಾದದ್ದನ್ನು ಅವನು ಕುಡಿದಿರಲಿಲ್ಲ. ತಲೆ ಎತ್ತಿ ನೋಡಿದರೆ ಮುತ್ಲಕ ಅಳುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ, ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು, ಮಕ್ಕಳ ಹಾಗೆ ಅಳುತ್ತಿದ್ದ.

"ಎರಡು ವರ್ಷದಿಂದ ನೋಡ್ತಾ ಇದ್ದೀನಿ ಕಣೋ," ಅಂದ. "ದಿನಾ ಸಂಜೆ ಬರ್ತೀಯ, ಹಟ್ಟಿ ಹತ್ರ ನಿಂತು ಕಣ್ಣು ಮಿಟುಕಿಸದೆ ನೋಡ್ತೀಯ. ನನಗೆ ಗೊತ್ತಾಗಲ್ವಾ? ಇವತ್ತಲ್ಲ ನಾಳೆ ಕೇಳ್ತಾನೆ ಅಂತ ಗೊತ್ತಿತ್ತು. ತಗೊಂಡು ಹೋಗು. ಸಮ್ಹಾ ನಿನ್ನವಳು. ಉಪ್ಪು ಜಾಸ್ತಿ ಕೊಡಬೇಡ ಅಷ್ಟೆ."

ನೀರು ತೊಟ್ಟಿಕ್ಕುತ್ತಿತ್ತು.

"ಒಂಟೆ ಅಲ್ಲ ಮುತ್ಲಕ್," ಅಂದ ಫರಜ. "ನಾನು ಬಂದದ್ದು ಹಮ್ದಾಗೋಸ್ಕರ."

"ಹಮ್ದಾ?"

"ಹೂಂ."

"ನಮ್ಮ ಹಮ್ದಾನಾ? ಒಂಟೆ ಅಲ್ವಾ?"

"ಒಂಟೆ ಅಲ್ಲ."

ಮುತ್ಲಕನ ಮುಖ ಅರಳಿತು. ಅವನು ಎದ್ದು ನಿಂತು ಫರಜನ ಎರಡೂ ಕೆನ್ನೆಗೆ ಮುತ್ತಿಟ್ಟ. "ಥೂ ನಿನ್ನ! ಜೀವ ಬಾಯಿಗೆ ತಂದುಬಿಟ್ಟೆಯಲ್ಲೋ! ಹಮ್ದಾ ತಾನೇ? ಕರ್ಕೊಂಡು ಹೋಗು. ನಾಳೇನೇ ಕರ್ಕೊಂಡು ಹೋಗು!"

ಅವನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆ ಹಾಲು ಫರಜನ ಹೊಟ್ಟೆಯಲ್ಲಿ ಒಡೆಯಿತು. ಎರಡು ವರ್ಷ ಯಾವ ಮಾತಿಗೆ ಕಾದಿದ್ದನೋ ಅದೇ ಮಾತು ಸಿಕ್ಕಿತ್ತು. ಸುಮ್ಮನೆ ಎದ್ದು, ಮೈ ಕೊಡವಿ ಮನೆಗೆ ಹೋಗಬಹುದಿತ್ತು. ಆದರೆ ಅವನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಇವನ ಮನೆಯನ್ನು ಹೊತ್ತವಳು, ಒಂಟೆ ಉಳಿಯಿತಲ್ಲ ಎನ್ನುವ ಖುಷಿಯಲ್ಲಿ ಕೊಟ್ಟು ಕಳಿಸುವ ವಸ್ತುವೇ?

ಫರಜ ತಾನೇ ಪಾತ್ರೆ ಎತ್ತಿಕೊಂಡು ಬಟ್ಟಲಿಗೆ ಇನ್ನೊಂದಿಷ್ಟು ಬಗ್ಗಿಸಿಕೊಂಡ. ಬಂದವನು ತಾನೇ ಕಾಫಿ ಬಗ್ಗಿಸಿಕೊಳ್ಳುವುದು ದೊಡ್ಡ ಅವಮಾನ. ಅವಮಾನ ಮಾಡಬೇಕೆಂದೇ ಬಗ್ಗಿಸಿಕೊಂಡ. ಬಟ್ಟಲನ್ನು ಮತ್ತೆ ಮರಳಿನ ಮೇಲೆ ಇಟ್ಟ.

"ಏನ್ ಮಾಡ್ತಿದೀಯೋ?" ದೈಫಲ್ಲಾ ಹಣೆ ಚಚ್ಚಿಕೊಂಡ. "ಕೊಟ್ಟಾಯ್ತಲ್ಲೋ! ನಾನು ಸಾಕ್ಷಿ. ಎದ್ದೇಳು, ಹೋಗೋಣ!"

"ಒಂಟೆ ಉಳೀತು ಅಂತ ಕೊಟ್ಟ. ಹಮ್ದಾನ ಕೊಡಲಿಲ್ಲ." ಫರಜ ಮುತ್ಲಕನ ಕಡೆ ತಿರುಗಿದ. "ಕೂತ್ಕೊ. ಅವಳು ಹೋದ್ರೆ ನಿನಗೆ ರೊಟ್ಟಿ ಯಾರು ತಟ್ಟೋದು?"

"ನಾನೇ ತಟ್ಕೊಳ್ತೀನಿ."

ದೈಫಲ್ಲಾ ನಗು ತಡೆಯಲು ಹೋಗಿ ಕೆಮ್ಮಿದ.

"ಸರಿ. ನಿನಗೆ ಜ್ವರ ಬಂದಾಗ ಮೂರು ದಿನ ಪಕ್ಕದಲ್ಲಿ ಕೂತು ಬೈಯೋರು ಯಾರು?"

"ಅವಳಿಗೆ ಬೈಯೋದೇ ಕೆಲಸ," ಅಂದ ಮುತ್ಲಕ. ಆದರೆ ಕೂತ.

"ಸಂಜೆ ಯಾರ ಜೊತೆ ಜಗಳ ಆಡ್ತೀಯ? ರೇಡಿಯೋ ದನಿ ಜಾಸ್ತಿಯಾಯ್ತು, ಕಡಿಮೆಯಾಯ್ತು ಅಂತ? ಸಮ್ಹಾ ಜೊತೆನಾ?"

ಮುತ್ಲಕ ಒಂದು ಕಡ್ಡಿ ತೆಗೆದುಕೊಂಡು ಕೆಂಡ ಕೆದಕಿದ. ರೊಟ್ಟಿಯ ಬಗ್ಗೆ ಅವನು ಯೋಚಿಸಬಲ್ಲವನಾಗಿದ್ದ, ಜ್ವರದ ಬಗ್ಗೆಯೂ ಯೋಚಿಸಬಲ್ಲವನಾಗಿದ್ದ. ರೇಡಿಯೋದ ದನಿ ಎಷ್ಟಿರಬೇಕೆಂದು ತಾನೊಬ್ಬನೇ ತೀರ್ಮಾನಿಸುವ ಮನೆಯನ್ನು ಅವನು ಈವರೆಗೆ ಕಲ್ಪಿಸಿಕೊಂಡಿರಲಿಲ್ಲ. ಈಗ ಕಲ್ಪಿಸಿಕೊಂಡ. ಬಿಸಿಲು ಗೋಡೆಯ ಮೇಲಿನ ಒಂಟೆಗಳ ಸಾಲನ್ನು ದಾಟಿ ಇಳಿಯುವವರೆಗೆ ಅವನು ಕೆಂಡ ಕೆದಕುತ್ತಲೇ ಇದ್ದ.

"ಇಲ್ಲ," ಅಂದ ಆಮೇಲೆ, ಬಹಳ ಮೆಲ್ಲಗೆ. "ಹಮ್ದಾನ ಕೊಡಕ್ಕಾಗಲ್ಲ ಕಣೋ ಫರಜ್. ಒಂಟೇನೇ ತಗೊಂಡು ಹೋಗು."

ಫರಜ ಬಗ್ಗಿ ಬಟ್ಟಲು ಎತ್ತಿಕೊಂಡ. ಗಷ್ಟಿನ ಸಮೇತ ಪೂರ್ತಿ ಕುಡಿದ. "ಈಗ ಸರಿ," ಅಂದ.

"ಏನು ಸರಿ? ನಾನು ಇಲ್ಲ ಅಂದೆ!"

"ಅದು ಎರಡನೇ ಮಾತು," ಅಂದ ದೈಫಲ್ಲಾ, ಪೊಲೀಸ್ ಠಾಣೆಯ ದನಿಯಲ್ಲಿ. "ಮೊದಲನೇದು ಕೊಟ್ಟೆ ಅಂದದ್ದು. ಕೊಟ್ಟ ಮಾತು ಕೊಟ್ಟದ್ದೇ. ಬಂಡೆ ಕೆಳಗೆ ಕೂತು ಆಡಿದೀಯ. ಬೇಕಾದ್ರೆ ನಿಮ್ಮ ಮುತ್ತಜ್ಜನ್ನ ಕೇಳು."

ಮುತ್ಲಕ ಕೇಳಲಿಲ್ಲ. ಪಾತ್ರೆ ತೊಳೆದ, ಬಟ್ಟಲು ಒರೆಸಿ ಚೀಲಕ್ಕೆ ಹಾಕಿದ, ಮುಂದೆ ನಡೆದ. ಕಮರಿಯ ಆ ಬಾಯಿ ಬರುವವರೆಗೆ ಹಿಂದಿನಿಂದ ಫರಜ ಈಗ ಧಾರಾಳವಾಗಿ ಕುಂಟುತ್ತಾ ಬಂದ.

ಸಂಜೆ ಅವನು ಹಟ್ಟಿಗೆ ಹೋದಾಗ ಹಮ್ದಾ ನಿಂತಲ್ಲೇ ಒಂದು ಕಾಲು ಮಡಚಿ, ಮೊಣಕಾಲಿನ ಮೇಲೆ ಬೋಗುಣಿ ಇಟ್ಟುಕೊಂಡು ಹಾಲು ಕರೆಯುತ್ತಿದ್ದಳು. ಅವನನ್ನು ನೋಡಲಿಲ್ಲ. ಕೈ ಮಾತ್ರ ನಿಧಾನವಾಯಿತು.

"ಅಣ್ಣ ಬಂದವನೇ ಒಳಗೆ ಹೋಗಿ ಮಲಗಿದಾನೆ. ಗೋಡೆ ಕಡೆ ಮುಖ ಮಾಡ್ಕೊಂಡು. ಇಲ್ಲ ಅಂದನಾ?"

"ಕೊಟ್ಟೆ ಅಂದ. ದೈಫಲ್ಲಾ ಸಾಕ್ಷಿ."

ಅವಳು ಉಸಿರು ಬಿಟ್ಟಳು. ಬೋಗುಣಿಗೆ ಹಾಲು ಮತ್ತೆ ಸರ್ ಸರ್ ಎಂದು ಬಿತ್ತು. ಸ್ವಲ್ಪ ಹೊತ್ತಿನ ಮೇಲೆ, ಒಂಟೆಯ ಆ ಕಡೆಯಿಂದ, ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದಳು.

"ತಕ್ಷಣ ಕೊಟ್ಟನಾ?"

"ಇಲ್ಲ," ಅಂದ ಫರಜ. "ನಿನ್ನ ಬದಲು ಸಮ್ಹಾಳನ್ನ ತಗೊಂಡು ಹೋಗು ಅಂದ."

ಹಾಲಿನ ಸದ್ದು ನಿಂತಿತು.

"ಸಮ್ಹಾಳನ್ನಾ?"

"ಹೂಂ."

ಹಮ್ದಾ ಒಂಟೆಯ ಕೆಂಪು ಪಕ್ಕೆಗೆ ಹಣೆ ಆನಿಸಿದಳು. ಒಂಟಿ ಕಾಲಿನಲ್ಲಿ ಹಾಗೇ ನಿಂತಳು, ಬಹಳ ಹೊತ್ತು.

"ಇನ್ನೊಂದು ಸಲ ಹೇಳು," ಅಂದಳು.