ಹಿಂದಿನ ಸೀಟಿನ ಕಟಕಟ

ನಮ್ಮ ಹಳೇ ಕಾರನ್ನು ಮೆಕ್ಯಾನಿಕ್ ಮುಟ್ಟುವಂತಿಲ್ಲ. ರಿಪೇರಿಯೆಲ್ಲ ನನ್ನ ಗಂಡನದೇ. ಈಚೆಗೆ ಹಿಂದುಗಡೆ ಎಲ್ಲೋ ಕಟಕಟ ಸದ್ದು. ಇವರೊಬ್ಬರೇ ಆಫೀಸಿಗೆ ಹೋಗುವಾಗ ತಲೆ ಚಿಟ್ಟು ಹಿಡಿಸುತ್ತದೆ. ಪತ್ತೆಹಚ್ಚಲೆಂದು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಗಪ್‌ಚುಪ್! ಸೈಲೆನ್ಸರ್ ಬಿಗಿ ಮಾಡಿದ್ದಾಯಿತು, ಡಿಕ್ಕಿ ಖಾಲಿ ಮಾಡಿದ್ದಾಯಿತು. ಭಾನುವಾರ ಬಂತೆಂದರೆ ತಾಯಿ ಮಗನಿಗೆ ಸುತ್ತಾಟ, ಮನೆಗೆಲಸ ನನ್ನ ತಲೆಗೆ.

ಈ ವಾರ ರೇಗಿಹೋಗಿ ನಾನೂ ಮುಂದಿನ ಸೀಟು ಹತ್ತಿದೆ. ಹಿಂದೆ ಅತ್ತೆ ಸೀಟ್ ಬೆಲ್ಟ್ ಹಾಕಿಕೊಂಡು ಮಹಾರಾಣಿಯಂತೆ ಕೂತಿದ್ದರು.

"ಅಮ್ಮಾ, ಕಿವಿಗೊಟ್ಟು ಕೇಳು."

"ಕೇಳ್ತಾನೇ ಇದೀನಪ್ಪ. ಕೆರೆ ಕಡೆ ತಿರುಗಿಸು, ಅಲ್ಲಿ ಗುಂಡಿ ಜಾಸ್ತಿ."

ಕೆರೆ ಸುತ್ತಿದೆವು. ಸದ್ದೇ ಇಲ್ಲ. ಮನೆಗೆ ಬಂದದ್ದೇ ಇವರು ಕಾರಿನಡಿ ತೂರಿಕೊಂಡರು.

ಅತ್ತೆ ಇಳಿದು, ಬೆಲ್ಟಿನ ಕೊಂಡಿ ಬಾಗಿಲಿಗೆ ಬಡಿಯುವ ಹಾಗೆ ಜೋಪಾನವಾಗಿ ಇಳಿಬಿಟ್ಟರು. ಬೆರಳಿಂದ ತೂಗಿ ನೋಡಿದರು: ಕಟಕಟ! ನಾನು ಕಣ್ಣುಕಣ್ಣು ಬಿಟ್ಟೆ.

"ಬಾಯಿಬಿಟ್ಟೀಯ, ಹುಷಾರು," ಎಂದು ಅತ್ತೆ ಪಿಸುಗುಟ್ಟಿದರು. "ಮುಂದಿನ ವಾರ ನೀನೂ ಬಾ."

ಕಾರಿನಡಿಯಿಂದ ಇವರು ಕೂಗಿದರು: "ಏನಾದ್ರೂ ಗೊತ್ತಾಯ್ತೇನೇ?"

"ಊಹೂಂ," ಎಂದೆ. "ಇನ್ನೂ ಸ್ವಲ್ಪ ದೂರ ಹೋಗಿ ನೋಡ್ಬೇಕು ಅನ್ಸುತ್ತೆ ರೀ."