ಸಣ್ಣ ಹಡಗು

ಸಣ್ಣ ಹಡಗಿನ ಕಾಗದ ಫ್ಯಾನಿನ ಗಾಳಿಗೆ ಹಾರಿ ಫ್ರಿಜ್ಜಿನ ಕೆಳಗೆ ಸೇರಿಕೊಂಡಿತ್ತು. ಅಮಿತಾ ನೆಲಕ್ಕೆ ಕೂತು ಕಸಬರಿಗೆಯ ಹಿಡಿಯಿಂದ ಅದನ್ನು ಎಳೆಯುತ್ತಿದ್ದಳು. ದೊಡ್ಡ ಹಡಗಿನ ಕಾಗದಕ್ಕೆ ಹಾರುವ ಭಯವಿರಲಿಲ್ಲ. ಅದರ ಮೇಲೆ ಅವಳ ಗಂಡ ಶಿರೀಷ ಚಹಾದ ಕಪ್ಪು ಇಟ್ಟುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹಡಗಿನ ಹದಿನಾಲ್ಕು ಮಾಳಿಗೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದ. ನಮ್ಮ ಇಡೀ ಸೆಕ್ಟರ್ ಇದರಲ್ಲಿ ಹಿಡಿಯುತ್ತದೆ ಎಂದು ಮೆಚ್ಚಿಕೊಂಡ. ಅಮಿತಾಗೆ ಇದ್ದ ಭಯವೂ ಅದೇ.

ಎರಡೂ ಕಾಗದಗಳನ್ನು ಕಳಿಸಿದವಳು ಮಗಳು ಪ್ರಾಚಿ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಬರುವ ನವೆಂಬರಿಗೆ ಅಪ್ಪ-ಅವ್ವನ ಮದುವೆಗೆ ಮೂವತ್ತು ವರ್ಷ ತುಂಬುತ್ತದೆಂದು ತನ್ನ ಕಡೆಯಿಂದ ಸಮುದ್ರದ ಮೇಲೆ ಐದು ದಿನದ ಪ್ರವಾಸ ಕೊಡಿಸುವವಳಿದ್ದಳು. ಎರಡು ಹಡಗುಗಳಲ್ಲಿ ಯಾವುದು ಬೇಕೋ ರವಿವಾರ ಸಂಜೆ ಆರರೊಳಗೆ ತಿಳಿಸಬೇಕು, ಆಮೇಲೆ ಜಾಗ ಸಿಗುವುದಿಲ್ಲ ಎಂದಿದ್ದಳು. ಫೋನು ಅಪ್ಪನ ಕೈಗೆ ದಾಟುವ ಮುಂಚೆ, ಈ ಸಲ ನೀನೇ ಆರಿಸು ಎಂದು ಅವ್ವನಿಗೆ ಬೇರೆಯಾಗಿ ಹೇಳಿದ್ದಳು.

ದೊಡ್ಡದರಲ್ಲಿ ಎರಡು ಸಾವಿರ ಜನ. ಈಜುಕೊಳ, ನಾಟಕದ ಹಾಲು, ಹನ್ನೊಂದು ಕಡೆ ಊಟ, ಅದರಲ್ಲೊಂದು ಉಳ್ಳಾಗಡ್ಡಿ-ಬಳ್ಳೊಳ್ಳಿ ಮುಟ್ಟದವರಿಗೆ. ಕೋಣೆಗೆ ನಾಲ್ಕು ಹಾಸಿಗೆ. ಸಣ್ಣದರಲ್ಲಿ ಎಂಬತ್ತೇ ಜನ. ದೊಡ್ಡ ಹಡಗು ಹೋಗಲಾರದ ಪುಟ್ಟ ನಡುಗಡ್ಡೆಗಳ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಡೆಕ್ಕಿನ ಮೇಲೆ ಬೆತ್ತದ ಕುರ್ಚಿಗಳನ್ನು ಎರಡೆರಡಾಗಿ ಹಾಕಿರುವ ಚಿತ್ರವಿತ್ತು. ಕೋಣೆಗೆ ಇಬ್ಬರೇ, ಮೂರನೆಯ ಹಾಸಿಗೆ ಕೊಡಲಾಗುವುದಿಲ್ಲ; ಮೊದಲ ದಿನದ ಸಂಜೆಯ ನಂತರ ಫೋನಿಗೆ ಸಿಗ್ನಲ್ ಇರುವುದಿಲ್ಲ. ಈ ಎರಡು ಸಾಲನ್ನು ಆಮೇಲೆ ತಕರಾರು ಬೇಡವೆಂದು ಕೊನೆಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಅಮಿತಾ ಇಡೀ ಕಾಗದದಲ್ಲಿ ಅವನ್ನೇ ನಾಲ್ಕು ಸಲ ಓದಿದ್ದಳು.

ಶಿರೀಷನನ್ನು ಕಂಡರೆ ಆಗದವರು ನವನಗರದಲ್ಲಿ ಹುಡುಕಿದರೂ ಸಿಗುವುದಿಲ್ಲ. ಕಾಲೇಜಿನ ಆಫೀಸಿನಲ್ಲಿ ಮೂವತ್ತೆರಡು ವರ್ಷ ದುಡಿದು ಹೋದ ವರ್ಷ ನಿವೃತ್ತನಾದ. ಆದಮೇಲೆ ಪುರುಸೊತ್ತು ಇನ್ನಷ್ಟು ಕಡಿಮೆಯಾಯಿತು. ಯಾರ ಮನೆಯ ಮುಂಜಿವೆಗೆ ಅಡಿಗೆಯವರು ಬೇಕು, ಯಾರನ್ನು ದವಾಖಾನೆಗೆ ಒಯ್ಯಬೇಕು, ಪಂಢರಪುರಕ್ಕೆ ಬಸ್ಸು ಯಾವಾಗ ಹೊರಡಿಸಬೇಕು, ಎಲ್ಲಕ್ಕೂ ಅವನೇ ಆಗಬೇಕು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅಮಿತಾಳ ಸಂಕಟವೆಂದರೆ, ಆ ಒಳ್ಳೆಯತನದಲ್ಲಿ ಅವಳ ಪಾಲೂ ಎಲ್ಲರಷ್ಟೇ ಇತ್ತು.

ಅವನದೊಂದು ನೇಮವಿತ್ತು: ಗಾಡಿ ಖಾಲಿ ಹೋಗಬಾರದು. ಕಲಿಸಿದವಳು ತಾಯಿ ಪ್ರೇಮಾಬಾಯಿ. ಅವಳು ತೀರಿಕೊಂಡು ಮೂರು ವರ್ಷವಾದರೂ ನೇಮಕ್ಕೆ ಏನೂ ಆಗಿಲ್ಲ. ಬಾಡಿಗೆ ಕಾರಿನಲ್ಲಿ ಒಂದು ಸೀಟು ಮಿಕ್ಕಿದರೂ ಶಿರೀಷ ಓಣಿಯ ತುದಿಯ ತನಕ ಹೋಗಿ ಯಾರನ್ನಾದರೂ ಕರೆದುಕೊಂಡು ಬರುತ್ತಾನೆ. ಪ್ರಾಚಿ ಹುಟ್ಟುವಾಗ, ನೋವು ತಿನ್ನುತ್ತಿದ್ದ ಅಮಿತಾಳನ್ನು ಬೆಳಗಾವಿಯ ದವಾಖಾನೆಗೆ ಒಯ್ದ ಕಾರಿನಲ್ಲೂ ಕಲಾದಗಿಯ ತನಕ ಇಬ್ಬರು ಕೂತಿದ್ದರು. ಇಳಿಯುವಾಗ ಅವಳಿಗೆ ಧೈರ್ಯ ಹೇಳಿ ಹೋದರು.

ಮದುವೆಯಾದ ಎಂಟನೆಯ ದಿನ ಗಂಡ-ಹೆಂಡತಿ ಬದಾಮಿಗೆ ಹೋಗಿಬರಲಿ ಎಂದು ಮನೆಯಲ್ಲಿ ಮಾತಾಯಿತು. ಹೊರಟಾಗ ಟ್ರ್ಯಾಕ್ಸ್ ಜೀಪಿನಲ್ಲಿ ಹನ್ನೊಂದು ಜನ, ಒಂದು ಗಂಟು ಕಟಕರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಹೊಸ ಚಪ್ಪಲಿ ಅಮಿತಾಳ ಕಾಲು ಕಚ್ಚಿತ್ತು. ಉಳಿದವರೆಲ್ಲ ಗುಹೆ ನೋಡಲು ಮೇಲೆ ಹತ್ತಿದರು. ಅವಳು ಹೊಂಡದ ಮೆಟ್ಟಿಲ ಮೇಲೆ ಕೂತಳು, ಕಾವಲಿಗೆಂದು ಶಿರೀಷನನ್ನು ಬಿಟ್ಟುಹೋದರು. ಆಚೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ತುಸು ಹೊತ್ತಾದ ಮೇಲೆ ಅವನು ನೀರನ್ನೇ ನೋಡುತ್ತ ಮಾತು ತೆಗೆದ. ಹನ್ನೆರಡು ವರ್ಷದವನಿದ್ದಾಗ ಒಮ್ಮೆ ಯಾರಿಗೂ ಹೇಳದೆ ಒಬ್ಬನೇ ತಮ್ಮೂರ ಹೊಳೆ ದಾಟಲು ಇಳಿದಿದ್ದನಂತೆ. ನಟ್ಟ ನಡುವೆ ಹೋದಾಗ ತಿರುಗಿ ನೋಡಿದರೆ ಊರು ದೂರ, ಮುಂದೆ ನೋಡಿದರೆ ಆಚೆಯ ದಂಡೆಯೂ ಅಷ್ಟೇ ದೂರ. ಆಗ ಅಂಜಿಕೆ ಬಂತು, ಇದನ್ನು ಇನ್ನೂ ಯಾರಿಗೂ ಹೇಳಿಲ್ಲ ಎಂದ. ಅಷ್ಟರಲ್ಲಿ ಪ್ರೇಮಾಬಾಯಿ ಸೆರಗಿನಲ್ಲಿ ಪೇರಲ ಹಣ್ಣು ಕಟ್ಟಿಕೊಂಡು ಮೆಟ್ಟಿಲಿಳಿದು ಬಂದಳು. ಉಪ್ಪು-ಖಾರ ಹಚ್ಚಿ ಎಲ್ಲರೂ ತಿಂದರು.

ಅಂದು ಅವನ ಧ್ವನಿ ಬೇರೆ ಇತ್ತು. ಹತ್ತು ಜನಕ್ಕೆ ಕೇಳಿಸುವ ಧ್ವನಿಯಲ್ಲ, ಪಕ್ಕದಲ್ಲಿ ಕೂತ ಒಬ್ಬಳಿಗೆ ಮಾತ್ರ ಕೇಳಿಸುವಂಥದು. ಮುಂದೇನಾಯಿತೆಂದು ಕೇಳಲು ಅಮಿತಾ ಮೊದಮೊದಲು ಹವಣಿಸಿದಳು. ಪ್ರತಿ ಸಲ ಯಾರೋ ಬಂದರು, ಇಲ್ಲವೆ ಇವನೇ ಎದ್ದು ಹೋದ. ಕ್ರಮೇಣ ಹವಣಿಸುವುದನ್ನು ಬಿಟ್ಟಳು, ಮರೆಯಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಇನ್ನೆರಡು ವರ್ಷಕ್ಕೆ ನಿವೃತ್ತಳಾಗುವ ಹೆಂಗಸು ಆ ಧ್ವನಿಗಾಗಿ ಹಂಬಲಿಸುತ್ತಾಳೆಂದು ಯಾರಿಗೆ ಹೇಳುವುದು? ಗಂಡನಿಗೇ ಹೇಳಲು ನಾಚಿಕೆಯಾಗುತ್ತಿತ್ತು.

ಕಾಗದದ ಧೂಳು ಒರೆಸಿ ಅವಳು ಮೇಲೇಳುವಷ್ಟರಲ್ಲಿ ಶಿರೀಷನ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತ್ತು. ನೋಡಿದರೆ, ಹಿಂದಿನ ದಿನವೇ ಅವನು ದೊಡ್ಡ ಹಡಗಿನ ಚಿತ್ರವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ, ಯಾರು ಯಾರು ಬರುತ್ತೀರಿ ಎಂದು ಕೇಳಿಬಿಟ್ಟಿದ್ದ. ಕೆರೂರಿನಲ್ಲಿ ಔಷಧದ ಅಂಗಡಿ ಇಟ್ಟಿರುವ ಅವನ ತಮ್ಮ ವಿಕ್ರಮ ತಮ್ಮದು ಮೂರು ಜನ ಹಿಡಿಯೆಂದು ಬರೆದಿದ್ದ. ಧಾರವಾಡದ ಚಿಕ್ಕಮ್ಮನಿಗೆ ಕೆಳಗಿನ ಹಾಸಿಗೆಯೇ ಬೇಕಿತ್ತು. ಶಿರೀಷನ ಮುಖ ಅರಳಿತ್ತು. ಎರಡು ಹಾಸಿಗೆ ಖಾಲಿ ಹೋಗುವುದೆಂದರೆ ಏನರ್ಥ ಎಂದು ಅವನು ಅವಳನ್ನೇ ಕೇಳಿದ.

ಅಮಿತಾ ಸಣ್ಣ ಹಡಗಿನ ಕಾಗದವನ್ನು ಅವನ ಕಪ್ಪಿನ ಪಕ್ಕ ಇಟ್ಟಳು.

"ನನಗ ಇದು ಬೇಕ್ರಿ," ಎಂದಳು.

ಅವನು ಕನ್ನಡಕ ಇಳಿಸಿ ಓದಿದ. "ಇದರಾಗ ಇಬ್ಬರ ಅಲ್ಲೇನು ಹಿಡಸೋದು?"

"ಹೌದ್ರಿ. ಇಬ್ಬರ."

ಶಿರೀಷ ನಕ್ಕ. ಕೊಂಕಿಲ್ಲದ ನಗೆ. "ಐದು ದಿನಾ ಇಬ್ಬರ ಕೂತು ಏನ ಮಾತಾಡೋಣು, ಅಮಿತಾ?"

ಅಷ್ಟು ಹೇಳಿ, ಮತ್ತೆ ಬಡಿದ ಫೋನು ಹಿಡಿದು ಅಂಗಳಕ್ಕೆ ಹೋದ. ಚಿಕ್ಕಮ್ಮನಿಗೆ ಹಡಗು ಅಲುಗಾಡುವುದಿಲ್ಲವೆಂದು ಭರವಸೆ ಕೊಡುವುದು ಒಳಗೆ ಕೇಳುತ್ತಿತ್ತು. ಅಮಿತಾ ಒಲೆಯ ಮುಂದೆ ನಿಂತು ಬೇಳೆ ಬೇಯುವುದನ್ನೇ ನೋಡಿದಳು. ಸಿಟ್ಟಿನ ಮಾತಾಗಿದ್ದರೆ ಎದುರಾಡಬಹುದಿತ್ತು. ಇದು ಅವನಿಗೆ ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ಅದಕ್ಕೇ ಅಷ್ಟು ನೋವಾಯಿತು.

ಆ ದಿನ ಅವಳು ಮತ್ತೆ ಹಡಗಿನ ಮಾತೆತ್ತಲಿಲ್ಲ. ರವಿವಾರ ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಹನ್ನೊಂದು ಹೆಸರಾಗಿದ್ದವು, ಬದಾಮಿಗೆ ಹೋದಾಗ ಇದ್ದಷ್ಟೇ. ನಾಲ್ಕೂವರೆಗೆ ಅವಳು ಕೂದಲು ಬಾಚಿಕೊಂಡು ಬಂದು, ತನ್ನನ್ನು ಹಳೇ ಊರಿಗೆ, ಅವನು ಹುಟ್ಟಿ ಬೆಳೆದ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿರೆಂದಳು. ಅವನಿಗೆ ಆಶ್ಚರ್ಯವಾದರೂ ಸ್ಕೂಟರ್ ತೆಗೆದ. ಸ್ಕೂಟರಿಗೆ ಇರುವುದು ಎರಡೇ ಸೀಟೆಂದು ಅಮಿತಾ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ, ಪಕ್ಕದ ಮನೆಯ ಇಂದ್ರಾಬಾಯಿ ಒಂದು ಚೀಲ ಹಿಡಿದು ಗೇಟಿಗೆ ಬಂದಳು. ಒಳಗೆ ಎರಡು ಇಳಕಲ್ ಸೀರೆ. ಹಳೇ ಊರಿನ ದರ್ಜಿ ಮಲಿಕಾಗೆ ಫಾಲ್ ಹಚ್ಚಲು ಕೊಟ್ಟುಬರಬೇಕಂತೆ. ಹೊರಡುವ ಸುದ್ದಿ ಅವಳಿಗೆ ಮುಟ್ಟಿಸಿದವನು ಶಿರೀಷನೇ. ಕಾಲ ಹತ್ತಿರ ಇಟ್ಟರೆ ಸೀರೆ ಹೊಲಸಾದೀತೆಂದು ಚೀಲವನ್ನು ಸೀಟಿನ ಮೇಲೆ ಇಬ್ಬರ ನಡುವೆ ಇಟ್ಟುಕೊಂಡರು. ಅಮಿತಾ ಅದನ್ನು ಅಪ್ಪಿ ಹಿಡಿದು ಕೂತಳು.

ಏಪ್ರಿಲ್ ಆದ್ದರಿಂದ ಹಿನ್ನೀರು ಸರಿದಿತ್ತು. ಆಣೆಕಟ್ಟು ತುಂಬಿದಾಗ ಮುಳುಗುವ, ಜನ ಬಿಟ್ಟು ನವನಗರಕ್ಕೆ ಬಂದ ಓಣಿಗಳ ಬುಡ ಹೊರಗೆ ಬಿದ್ದಿತ್ತು: ಮೊಳಕಾಲೆತ್ತರದ ಗೋಡೆ, ಒಂದು ಹೊಸ್ತಿಲು, ಕೆಸರು ತುಂಬಿದ ಒರಳು. ಶಿರೀಷ ಹುರುಪಿನಿಂದ ತೋರಿಸುತ್ತ ನಡೆದ. ಇಲ್ಲಿ ಕೃಷ್ಣಾಜಿ ಮಾಸ್ತರರ ಮನೆ, ಇಲ್ಲಿ ಹಿಟ್ಟಿನ ಗಿರಣಿ, ಇಲ್ಲಿ ನಮ್ಮ ಕಟ್ಟೆ, ಹಬ್ಬದ ದಿನ ಇದರ ಮೇಲೆ ಇಪ್ಪತ್ತು ಜನ ಕೂಡುತ್ತಿದ್ದರು. ಮುಳುಗಿದ ಊರಿನಲ್ಲೂ ಅವನಿಗೆ ಜನವೇ ಕಾಣುತ್ತಿದ್ದರು. ಘಾಟಿನ ಮೆಟ್ಟಿಲು ಬಂದಾಗ ಹೆಸರುಗಳೆಲ್ಲ ಮುಗಿದವು. ಇಬ್ಬರೂ ಕೂತರು, ಚೀಲವನ್ನು ನಡುವೆ ಇಟ್ಟುಕೊಂಡರು. ದೂರದಲ್ಲಿ ಒಬ್ಬ ಮೀನುಗಾರ ಬಲೆ ಬಿಡಿಸುತ್ತಿದ್ದುದನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಶಿರೀಷ ಫೋನು ತೆಗೆದು ನೋಡಿದ, ಜೇಬಿಗೆ ಹಾಕಿದ, ಮತ್ತೆ ತೆಗೆದ. ಐದೂವರೆಯಾಯಿತು, ಪ್ರಾಚಿಗೆ ದೊಡ್ಡದೇ ಎಂದು ತಿಳಿಸಿಬಿಡೋಣ, ಇಷ್ಟು ಜನ ಆಸೆ ಇಟ್ಟುಕೊಂಡ ಮೇಲೆ ಇಲ್ಲವೆನ್ನುವುದು ಹೇಗೆ ಎಂದ. ಮೂವತ್ತು ವರ್ಷ ಬಾಳಿದ ಗಂಡನಿಗೆ ಒಂದು ಮಾತು ಕೇಳಲು ಇಷ್ಟು ಅಂಜಿಕೆಯೇ ಎಂದು ಅಮಿತಾಗೆ ತನ್ನ ಮೇಲೇ ನಗು ಬಂತು.

"ನಡು ಹೊಳ್ಯಾಗ ಅಂಜಿಕಿ ಬಂತು ಅಂದಿದ್ರಿ," ಎಂದಳು. "ಆಮ್ಯಾಲ ಏನಾತು?"

"ಯಾವಾಗ?"

"ಬದಾಮ್ಯಾಗ ಹೇಳಲಿಕ್ಕೆ ಹತ್ತಿದ್ರಿ. ಅತ್ತಿಯವರು ಪ್ಯಾರಲ ಹಣ್ಣು ತಂದ್ರು. ಅಲ್ಲಿಗೇ ನಿಂತದ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ನೆನಪಾದದ್ದು ಮುಖದ ಮೇಲೆ ಕಾಣಿಸಿತು. ನಗಲು ಹೋದವನು ಅವಳ ಕಣ್ಣು ನೋಡಿ ನಗೆಯನ್ನು ನುಂಗಿಕೊಂಡ.

"ಅದಿನ್ನೂ ನೆನಪದ ಏನು ನಿನಗ?"

"ಕೇಳಬೇಕಂತ ಕಾಯಲಿಕ್ಕೆ ಹತ್ತೇನಿ. ಸಣ್ಣ ಹಡಗಿನಾಗ ನಡುವ ಯಾರೂ ಬರಾಂಗಿಲ್ಲ, ಅದಕ್ಕ ಅದು ಬೇಕಂದೆ."

ಶಿರೀಷ ಹೇಳಲು ಬಾಯಿ ತೆರೆದಾಗ ಫೋನು ಬಡಿಯಿತು. ವಿಕ್ರಮ. ಅದನ್ನು ಎತ್ತದೆ ಬಿಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ, ಎತ್ತಿದ. ವಿಕ್ರಮನ ದೊಡ್ಡ ಗಂಟಲು ಅಮಿತಾಗೂ ಕೇಳಿಸುತ್ತಿತ್ತು. ತಮ್ಮದು ಮೂರಲ್ಲ, ನಾಲ್ಕಾಗಿದೆ, ಹೆಂಡತಿಯ ತಂಗಿಯೂ ಬರುತ್ತಾಳೆ, ಹೆಂಗಾದರೂ ಮಾಡಿ ಒಂದು ಸೀಟು ಹೊಂದಿಸು ಎನ್ನುತ್ತಿದ್ದ. ಅಮಿತಾ ಮುಖ ತಿರುಗಿಸಿ ನೀರು ನೋಡಿದಳು. ಇನ್ನೇನು ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಆಗಲಪಾ, ನೋಡೋಣು, ಯಾಕ ಚಿಂತಿ ಮಾಡ್ತಿ. ಈ ಮಾತುಗಳ ಮೇಲೆಯೇ ಅವರ ಸಂಸಾರ ನಡೆದಿತ್ತು.

"ಇಲ್ಲೋ ವಿಕ್ರಮಾ," ಎಂದ ಶಿರೀಷ. "ನಾವು ಸಣ್ಣದರಾಗ ಹೊಂಟೇವಿ."

ಆ ಕಡೆಯಿಂದ ಏನೋ ಬಹಳ ಹೊತ್ತು ಬಂತು. ಅವನು ಕಿವಿಯಿಂದ ಫೋನನ್ನು ತುಸು ದೂರ ಹಿಡಿದುಕೊಂಡ.

"ಇಲ್ಲಪಾ. ಅಲ್ಲಿರೋದ ಎರಡ ಸೀಟು. ಎರಡೂ ತುಂಬ್ಯಾವ."

ಜೀವನದಲ್ಲಿ ಮೊದಲ ಸಲ ಯಾರಿಗೋ ಸೀಟಿಲ್ಲವೆಂದು ಹೇಳಿದ್ದ. ಫೋನು ಇಟ್ಟ ಮೇಲೆ ಅವನ ಕಿವಿಗಳು ಕೆಂಪಾಗಿದ್ದವು. ಪ್ರಾಚಿಗೆ ನೀನೇ ತಿಳಿಸು ಎಂದು ಮೆಲ್ಲಗೆ ಹೇಳಿದ. ಅಮಿತಾ ತನ್ನ ಫೋನು ತೆಗೆದು 'ಸಣ್ಣದು' ಎಂದು ಬರೆದಳು. ಎರಡು ಸಲ ತಪ್ಪಾಗಿ ಅಳಿಸಬೇಕಾಯಿತು. ಕಳಿಸಿದ ಮೇಲೆ ಅವಳು ಅವಸರ ಮಾಡಲಿಲ್ಲ. ಇಷ್ಟು ವರ್ಷ ಕಾದವಳಿಗೆ ಇನ್ನು ಹತ್ತು ನಿಮಿಷ ಭಾರವಾಗಿರಲಿಲ್ಲ.

ಶಿರೀಷ ಚಪ್ಪಲಿ ಬಿಟ್ಟು, ಕೆಳಗಿನ ಮೆಟ್ಟಿಲಿನ ನೀರಿನಲ್ಲಿ ಕಾಲು ಇಳಿಬಿಟ್ಟು, ಹೊಳೆಯ ನಡುಭಾಗವನ್ನು ಹುಡುಕುವಂತೆ ನೋಡಿದ. ಹಿನ್ನೀರು ಸರಿದಿದ್ದರೂ ಹೊಳೆ ಈಗ ಆಗಿನದಕ್ಕಿಂತ ಅಗಲವಾಗಿತ್ತು. ಆಗಿನ ನಡು ಎಲ್ಲಿತ್ತೆಂದು ಅವನಿಗೂ ಸುಲಭವಾಗಿ ಸಿಗಲಿಲ್ಲ.

"ಅಲ್ಲೊಂದು ಕರೀ ಬಂಡಿಗಲ್ಲಿತ್ತು," ಎಂದ. ಮೀನುಗಾರನಿಗಿರಲಿ, ಎರಡು ಮೆಟ್ಟಿಲು ಮೇಲೆ ಯಾರಾದರೂ ನಿಂತಿದ್ದರೆ ಅವರಿಗೂ ಕೇಳಿಸದಷ್ಟು ಸಣ್ಣ ಧ್ವನಿ.

ಅಮಿತಾ ಇಬ್ಬರ ನಡುವೆ ಇದ್ದ ಸೀರೆಯ ಚೀಲವನ್ನು ಎತ್ತಿ ತನ್ನ ಆಚೆಯ ಬದಿಗೆ ಇಟ್ಟುಕೊಂಡು, ಖಾಲಿಯಾದ ಜಾಗಕ್ಕೆ ಸರಿದು ಕೂತಳು.