ಒಂದೇ ಮಾತಿಗೆ ಒಂದನೇ ದರ್ಜೆ

ಸತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಶಿವಯೋಗೀಶನೊಬ್ಬನನ್ನೇ ಒಳಗೆ ಕರೆದು, ಅವನ ಹೆಂಡತಿ ನಾಗರತ್ನಾಳ ಎದೆಯ ಗಂಟಿನ ವಿಚಾರ ಬಿಡಿಸಿ ಹೇಳಿದರು.

"ಗಂಟು ಎಷ್ಟು ದೂರ ಹಬ್ಬೇತಿ ಅನ್ನೂದು ಸ್ಟೇಜು. ಜೀವಕೋಶ ತಮ್ಮ ಮೂಲ ರೂಪ ಎಷ್ಟು ಬಿಟ್ಟಾವ ಅನ್ನೂದು ಗ್ರೇಡು. ಒಂದನೇ ಗ್ರೇಡಿಂದು ಸಾವಕಾಶ ಬೆಳಿತೈತಿ. ಇವರದು ಮೂರನೇದು, ಭಾಳ ಲಗೂ ಬೆಳಿತೈತಿ. ಲಿವರಿಗೂ ಹೋಗೇತ್ರಿ."

ಹೊರಗೆ ಬೆಂಚಿನ ಮೇಲೆ ನಾಗರತ್ನಾ ಕಾಯುತ್ತಿದ್ದಳು. "ಏನಂದ್ರರೀ? ಗ್ರೇಡು ನೋಡಿ ಹೇಳ್ತೇವಿ ಅಂದಿದ್ರಲ್ಲ, ಎಷ್ಟನೇದಂತ?"

"ಒಂದನೇದ," ಎಂದ ಥಟ್ಟನೆ. "ಗುಳಿಗಿ ತಗೊಂಡ್ರ ಆರಾಮ ಆಗ್ತೈತಂತ."

ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹತ್ತಿ ಖರೀದಿ ಮಾಡುತ್ತಲೇ ತಲೆ ನೆರೆತವನು ಅವನು. ಎಂಥ ಬಂಗಾರದಂಥ ಹತ್ತಿ ಬಂದರೂ ಎಳೆ ಜಗ್ಗಿ ನೋಡಿ, ಮೂಗು ಮುರಿದು, ಮೂರನೇ ದರ್ಜೆ ಎಂದೇ ಚೌಕಾಸಿ ಶುರುಮಾಡುವುದು ಅವನ ರೂಢಿ.

ನಾಗರತ್ನಾ ಮೆಲ್ಲಗೆ ನಕ್ಕಳು. "ನಮ್ಮಪ್ಪನ ಹತ್ತಿಗೂ ಒಂದನೇದು ಅಂದಾವರಲ್ಲ ನೀವು. ನನ್ನ ಗಂಟಿಗೆ ಒಂದ ಮಾತಿಗೆ ಕೊಟ್ಟಬಿಟ್ರಿ?"

ಅವನು ಅವಳ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತ.

"ಅಳಬ್ಯಾಡ್ರಿ, ಮಂದಿ ನೋಡಾಕತ್ತಾರ," ಎಂದು ಸೆರಗಿನಿಂದ ಅವನ ಮುಖ ಒರೆಸಿದಳು.